ಅಟ್ಟದ ಮೇಲಿನ ಟ್ರಂಕು

ದಾವಣಗೆರೆ
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ದೊಡ್ಡಮ್ಮನ ಮಂಡಿನೋವು ಹಾಗೇ ಇದೆ, ಅದು ಬಿಟ್ಟರೆ ವಿಶೇಷ ಏನಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟೆ. ಅಟ್ಟದ ಮೇಲಿನ ಎರಡು ಟ್ರಂಕು ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನು ಚಿತ್ರದುರ್ಗಕ್ಕೆ ಒಯ್ದು ನಿನ್ನ ಶಾಲೆಯ ಮಕ್ಕಳಿಗೆ ಕೊಡುತ್ತೇನೆ ಅಂದೆಯಲ್ಲ, ಖುಷಿ ಆಯ್ತು. ರಾತ್ರಿ ಮಲಗಿದ ಮೇಲೆ ಯೋಚನೆ ಹತ್ತಿತು. ಫೋನಿನಲ್ಲಿ ಹೇಳಲು ಹೋದರೆ ನೀನು "ಆಯ್ತು ದೊಡ್ಡಪ್ಪ, ಆಯ್ತು ದೊಡ್ಡಪ್ಪ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಟ್ರಂಕು ಪೂರ್ತಿ ಒಯ್ಯಬೇಡ. ಆ ತಪ್ಪು ನಾನು ಒಮ್ಮೆ ಮಾಡಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಶಾಲೆಗೆ, ಹೆಸರು ಬೇಡ, ಅರವತ್ತು ಸಂಚಿಕೆ ಆಟೋದಲ್ಲಿ ಹಾಕಿಕೊಂಡು ಹೋಗಿ ಕೊಟ್ಟೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಎರಡು ವರ್ಷ ಬಿಟ್ಟು ಹಳೇ ಪೇಪರ್ ಅಂಗಡಿಯೊಂದರಲ್ಲಿ ತಕ್ಕಡಿ ಪಕ್ಕ ಒಂದು ಕಟ್ಟು ಕಾಣಿಸಿತು. ನಾನು ಕಟ್ಟಿದ್ದ ಸೆಣಬಿನ ಹುರಿ. ಗಂಟೂ ನನ್ನದೇ. ಯಾರೂ ಬಿಚ್ಚಿರಲೇ ಇಲ್ಲ. ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟು ವಾಪಸ್ ತಂದೆ. ಅದನ್ನು ನೆನೆಸಿಕೊಂಡು ನಿನ್ನ ದೊಡ್ಡಮ್ಮ ಇವತ್ತಿಗೂ ನಗುತ್ತಾಳೆ.

ಶಾಲೆಯವರನ್ನು ನಾನು ಬೈಯುವುದಿಲ್ಲ. ಅರವತ್ತು ಸಂಚಿಕೆ ಮುಂದೆ ಸುರಿದರೆ ಯಾವುದನ್ನು ತೆರೆಯಬೇಕು ಅಂತ ಯಾರಿಗೆ ತಿಳಿಯುತ್ತೆ ಹೇಳು. ಟ್ರಂಕಿನಲ್ಲಿ ಎಲೆಕ್ಟರ್ ಪತ್ರಿಕೆ ಇದೆ, ಹಾಲೆಂಡಿನದು, ಇಲ್ಲಿಯೂ ಅಚ್ಚಾಗುತ್ತಿತ್ತು. ಅದರ ಜುಲೈ-ಆಗಸ್ಟ್ ಜೋಡಿ ಸಂಚಿಕೆಯಲ್ಲಿ ನೂರಕ್ಕೂ ಜಾಸ್ತಿ ಸರ್ಕ್ಯೂಟ್ ಇರುತ್ತಿದ್ದವು. ನನಗೆ ಅದು ಹಬ್ಬ. ಹೊಸಬರಿಗೆ ಕೊಟ್ಟರೆ, ಮದುವೆ ಊಟಕ್ಕೆ ಕೂತ ಮಗುವಿನ ಎಲೆಗೆ ಪಾಯಸ, ಸಾರು, ಮಜ್ಜಿಗೆ ಎಲ್ಲ ಒಂದೇ ಸಲ ಬಡಿಸಿದ ಹಾಗೆ.

ನನಗೆ ಈ ಹುಚ್ಚು ಹಿಡಿದದ್ದು ಒಂದೇ ಪುಟದಿಂದ. ನಮ್ಮ ಎದುರು ಮನೆಯ ಮಾಮ ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಆಗ ದಾವಣಗೆರೆ ಅಂದರೆ ಗಿರಣಿ. ಸೈರನ್ ಕೇಳಿಯೇ ಮನೆಗಳಲ್ಲಿ ಅನ್ನಕ್ಕಿಡುತ್ತಿದ್ದರು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸನ್ಸ್ ದುಡ್ಡು ಕಟ್ಟಬೇಕಿದ್ದ ಕಾಲ. ನಾನು ಅವರ ಮನೆಯ ಕಟ್ಟೆ ಮೇಲೆ ಕೂತು ಅವರು ರಿಪೇರಿ ಮಾಡುವುದನ್ನು ಸುಮ್ನೆ ನೋಡುತ್ತಿದ್ದೆ. ಒಂದು ದಿನ ಒಂದು ಪತ್ರಿಕೆ ಕೊಟ್ಟರು. ಒಂದು ಪುಟದ ಮೂಲೆ ಮಡಚಿತ್ತು. ಜೊತೆಗೆ ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿದ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು, ಓಎ79, ಜೀರಿಗೆಗಿಂತ ಸ್ವಲ್ಪ ದಪ್ಪ. "ಇದೊಂದು ಪುಟ ಓದು. ಬೇರೆ ತಿರುವಬೇಡ, ತಲೆ ಕೆಡುತ್ತೆ. ಭಾನುವಾರ ವಾಪಸ್ ತಾ" ಅಂದರು. ಅಷ್ಟೇ.

ಆ ಪುಟದಲ್ಲಿದ್ದದ್ದು ಕ್ರಿಸ್ಟಲ್ ರೇಡಿಯೋ. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ. ಗಿರಣಿಯಲ್ಲಿ ನೂಲು ಸುತ್ತುವ ರಟ್ಟಿನ ಕೊಳವೆ ಮಾಮನೇ ತಂದುಕೊಟ್ಟರು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದು ಅದರ ಮೇಲೆ ಒತ್ತೊತ್ತಾಗಿ ಸುತ್ತಿದೆ. ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಒಂದು ಹಾಳಾದ ರೇಡಿಯೋದಲ್ಲಿ ಸಿಕ್ಕಿತು. ಮಾಳಿಗೆಯಿಂದ ಬೇವಿನ ಮರಕ್ಕೆ ಒಂದು ತಂತಿ, ಅರ್ಥಿಂಗ್‌ಗೆ ನಲ್ಲಿ ಪೈಪು. ಇಯರ್‌ಫೋನ್ ಕಿವಿಗೆ ಒತ್ತಿಕೊಂಡು ಗ್ಯಾಂಗ್ ತಿರುಗಿಸುತ್ತಾ ಹೋದೆ. ಸೊಳ್ಳೆ ಹಾಡಿದ ಹಾಗೆ ಸಣ್ಣಗೆ ಮಾತು ಕೇಳಿತು. ಭದ್ರಾವತಿ, 675 ಕಿಲೋಹರ್ಟ್ಸ್. ಎಪ್ಪತ್ತು ಕಿಲೋಮೀಟರ್ ಆಚೆಯ ಮಾತು ನಲ್ಲಿ ಪೈಪಿಗೆ ಕಟ್ಟಿದ ತಂತಿಯಲ್ಲಿ! ಉಸಿರು ಬಿಟ್ಟರೆ ಎಲ್ಲಿ ಹೋಗಿಬಿಡುತ್ತೋ ಅಂತ ಉಸಿರು ಹಿಡಿದು ಕೂತಿದ್ದೆ.

ಇಷ್ಟು ಹೇಳಿದ ಮೇಲೆ ನೀನು ಆ ಪುಟವನ್ನೇ ಮಕ್ಕಳಿಗೆ ಕೊಡಲು ಹೊರಡುತ್ತೀಯ ಅಂತ ಗೊತ್ತು. ಕೊಡಬೇಡ. ಈಗ ಮಕ್ಕಳು ಕೇಳುವುದು ಎಫ್‌ಎಂ, ಅದನ್ನು ಈ ಸೆಟ್ಟು ಹಿಡಿಯುವುದಿಲ್ಲ. ಮೀಡಿಯಂ ವೇವ್ ಹಿಡಿಯಲು ಹೋದರೆ ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್ ಎಲ್ಲ ಸೇರಿ ಕರಕರ ಅನ್ನುತ್ತವೆ. ಅಂಗಡಿಯಲ್ಲಿ ಡಯೋಡ್ ಕೇಳಿದರೆ ಸಿಲಿಕಾನ್ ಡಯೋಡ್ ಕೊಡುತ್ತಾರೆ. ಅದು ತೆರೆದುಕೊಳ್ಳಲು 0.6 ವೋಲ್ಟ್ ಬೇಕು, ಅಷ್ಟು ಸಣ್ಣ ಸಿಗ್ನಲ್‌ನಲ್ಲಿ ಆ ಶಕ್ತಿ ಎಲ್ಲಿಂದ ಬರಬೇಕು? ಹಳೇ ಜರ್ಮೇನಿಯಂ ಡಯೋಡಿಗೆ 0.2, 0.3 ಸಾಕಿತ್ತು. ಮಗು ಒಂದು ವಾರ ಒದ್ದಾಡಿ ಏನೂ ಕೇಳದೆ ಬಿಟ್ಟುಬಿಡುತ್ತೆ. ನನ್ನನ್ನು ಹಿಡಿದ ಪುಟ ಅಂತ ನಾನೇ ಇಬ್ಬರು ಮೂವರು ಹುಡುಗರಿಗೆ ಇದನ್ನು ಅಂಟಿಸಲು ಹೋಗಿ ಸೋತಿದ್ದೇನೆ.

555 ಐಸಿ ಇರುವ ಪುಟದಿಂದ ಶುರು ಮಾಡು. 1972ರಿಂದ ಮಾರುಕಟ್ಟೆಯಲ್ಲಿದೆ, ಇವತ್ತಿಗೂ ಸಿಗುತ್ತೆ, ಎಂಟು ಕಾಲಿನ ಕಪ್ಪು ಹುಳ. ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಒಂದು 1 ಕೆ (ಕೆ ಅಂದರೆ ಸಾವಿರ ಓಮ್), ಒಂದು 68 ಕೆ, 10 ಮೈಕ್ರೋಫ್ಯಾರಡ್ ಕಂಡೆನ್ಸರ್, 9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಅದರ ಜೊತೆ 470 ಓಮ್. ಸರಿಯಾಗಿ ಜೋಡಿಸಿದರೆ ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ದೀಪ ಮಿಣುಕುತ್ತೆ. ಬ್ರೆಡ್‌ಬೋರ್ಡ್ ಮೇಲೆ ಮಾಡಿದರೆ ತೂತಿಗೆ ಕಾಲು ಚುಚ್ಚಿದರೆ ಆಯ್ತು, ಸೋಲ್ಡರ್ ಕೂಡ ಬೇಡ. ಅರ್ಧ ಗಂಟೆ ಕೆಲಸ.

ನಾನು ಮೊದಲ ಸಲ ಮಾಡಿದಾಗ ಎರಡು ರಾತ್ರಿ ಹಿಡಿಯಿತು. ಪತ್ರಿಕೆ ಯಾವುದು ಅನ್ನುವುದು ಬೇಡ. ದೀಪ ಹತ್ತಿತು, ಆದರೆ ಮಿಣುಕಲಿಲ್ಲ. ಐಸಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಕೊನೆಗೆ ಪೆನ್ಸಿಲ್ ಹಿಡಿದು ಸೂತ್ರಕ್ಕೆ ಲೆಕ್ಕ ಹಾಕಿದರೆ ಸೆಕೆಂಡಿಗೆ 127 ಸಲ ಬರುತ್ತಿದೆ. ಮಿಣುಕುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ! 68ರ ಮುಂದಿನ 'ಕೆ' ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ನಾನು ಅವರು ಬರೆದ ಹಾಗೇ 68 ಓಮ್ ತಂದಿದ್ದೆ. ಅದರ ಮೈಮೇಲಿನ ಬಣ್ಣದ ಪಟ್ಟಿಗಳು ನೀಲಿ, ಬೂದು, ಕಪ್ಪು. ಬೇಕಿದ್ದದ್ದು ನೀಲಿ, ಬೂದು, ಕಿತ್ತಳೆ. ಒಂದು ಪಟ್ಟಿಯ ಬಣ್ಣ ನೋಡು, ಎರಡು ರಾತ್ರಿ ನಿದ್ದೆ ತಿಂದಿತ್ತು. ಎರಡು ತಿಂಗಳ ಮೇಲೆ ಪತ್ರಿಕೆಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ತಿದ್ದುಪಡಿ ಹಾಕಿದ್ದರು. ನಾನು ಆಗಲೇ ಕೆಂಪು ಇಂಕಿನಲ್ಲಿ ಆ ಪುಟದ ಮೇಲೆ 'ಕೆ' ಬರೆದು, ಪಕ್ಕದಲ್ಲಿ ಒಂದು ಬೈಗುಳವನ್ನೂ ಬರೆದಿದ್ದೆ. ಆ ಸಂಚಿಕೆ ಟ್ರಂಕಿನಲ್ಲಿದೆ. ಅದನ್ನೇ ಮೊದಲು ಕೊಡು. ಬೈಗುಳದ ಮೇಲೆ ಬೇಕಾದರೆ ಒಂದು ಚೀಟಿ ಅಂಟಿಸು. ಮಕ್ಕಳು ಹೇಗೂ ಕಿತ್ತು ನೋಡುತ್ತಾರೆ, ನೋಡಲಿ.

ಪತ್ರಿಕೆ ಬರೀ ಕೈಯಲ್ಲಿ ಕೊಡಬೇಡ. ಆ ಪುಟಕ್ಕೆ ಬೇಕಾದ ಸಾಮಾನು ಒಂದು ಕವರಿನಲ್ಲಿ ಹಾಕಿ ಪುಟದ ನಡುವೆ ಇಡು. ನಮ್ಮ ಸಾಮಾನು ಡಬ್ಬಿಯಲ್ಲಿ ರೆಸಿಸ್ಟರ್ ಕಂಡೆನ್ಸರ್ ಬೇಕಾದಷ್ಟಿವೆ, ಐಸಿ ಮಾತ್ರ ಕೊಳ್ಳಬೇಕು. ಹಳೇ ಸಂಚಿಕೆಗಳಲ್ಲಿ ಎಸಿ127, ಎಸಿ128 ಟ್ರಾನ್ಸಿಸ್ಟರ್ ಕೇಳುವ ಪುಟಗಳಿವೆ, ಅವನ್ನು ಪಕ್ಕಕ್ಕಿಡು, ಇನ್ನು ಅವನ್ನು ಹುಡುಕಿಕೊಂಡು ಅಲೆಯುವವರು ಯಾರು. ಬಿಸಿ148 ಅಂತಿದ್ದ ಕಡೆ ಬಿಸಿ547 ನಡೆಯುತ್ತೆ, ಕಾಲುಗಳ ಕ್ರಮ ನೋಡಿಕೊಂಡು ಹಾಕಬೇಕು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇದನ್ನು ಚೀಟಿಯಲ್ಲಿ ಬರೆದು ಅಂಟಿಸು.

ಇಂಗ್ಲಿಷ್ ಬಗ್ಗೆ ನೀನು ಚಿಂತೆ ಮಾಡಿದೆ. 1969ರಿಂದ ಬರುತ್ತಿರುವ ಎಲೆಕ್ಟ್ರಾನಿಕ್ಸ್ ಫಾರ್ ಯು ಸಂಚಿಕೆಗಳನ್ನು ನಾನು ಓದಲು ಕೂತಾಗ ನನಗೂ ಅಷ್ಟಕ್ಕಷ್ಟೇ ಬರುತ್ತಿತ್ತು. ಮೊದಲು ಚಿತ್ರ ನೋಡುತ್ತಿದ್ದೆ. ಅಂಕುಡೊಂಕು ಗೆರೆ ಅಂದರೆ ರೆಸಿಸ್ಟರ್, ಅದಕ್ಕೆ ಯಾವ ಭಾಷೆ? ಚಿತ್ರದಲ್ಲಿ ಸಿಕ್ಕಿಹಾಕಿಕೊಂಡಾಗ ಮಾತ್ರ ಪಕ್ಕದ ಬರಹಕ್ಕೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಇಂಗ್ಲಿಷ್ ಸುಧಾರಿಸಿದ್ದೇ ಹಾಗೆ.

ಒಂದು ವಿಷಯದಲ್ಲಿ ಮಾತ್ರ ನಾನು ಹೇಳಿದಷ್ಟು ಕೇಳಲೇಬೇಕು. 230 ವೋಲ್ಟ್ ಮುಟ್ಟುವ ಯಾವ ಪುಟವೂ ಮಕ್ಕಳ ಕೈಗೆ ಹೋಗಕೂಡದು. ಗಣಪತಿ ಹಬ್ಬ ಹತ್ತಿರ ಬಂತೆಂದರೆ ಓಡುವ ದೀಪದ ಸರ್ಕ್ಯೂಟ್ ಎಲ್ಲ ಹುಡುಗರಿಗೂ ಬೇಕು. ಒಂದು 555, ದೀಪಗಳನ್ನು ಒಂದಾದ ಮೇಲೊಂದು ಹತ್ತಿಸುವ 4017 ಐಸಿ ಒಂದು, ಹತ್ತು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ, ಇಷ್ಟಾದರೆ ಧಾರಾಳವಾಗಿ ಮಾಡಲಿ. ಅದೇ ಲೇಖನದ ಮುಂದಿನ ಪುಟದಲ್ಲಿ ದೊಡ್ಡ ಬಲ್ಬು ಓಡಿಸಲು ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚು ಹಾಕಿ ಮನೆ ಕರೆಂಟಿಗೆ ಜೋಡಿಸಿರುತ್ತಾರೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಪವರ್ ಸಪ್ಲೈ ಅಂತ ಇನ್ನೊಂದು ಬರುತ್ತೆ, ಖರ್ಚು ಕಡಿಮೆ ಅಂತ ಹೊಗಳಿರುತ್ತಾರೆ. ಅದರಲ್ಲಿ ಇಡೀ ಬೋರ್ಡಿಗೇ ಕರೆಂಟ್ ಇರುತ್ತೆ ಕಣಮ್ಮ. ಇಂಥ ಪುಟಗಳನ್ನು ಎರಡೆರಡು ಸೇರಿಸಿ ಸ್ಟೇಪ್ಲರ್ ಹೊಡೆದುಬಿಡು. ಸಂಚಿಕೆ ಅಂದಗೆಟ್ಟರೂ ಪರವಾಗಿಲ್ಲ.

ಯಾರಿಗೆ ಕೊಡಬೇಕು ಅನ್ನುವುದು ನಿನಗೇ ಬಿಟ್ಟದ್ದು. ಒಂದು ಮಾತು ಹೇಳುತ್ತೇನೆ, ಗಣಿತದಲ್ಲಿ ಮುಂದಿರುವವರನ್ನೇ ಆರಿಸಬೇಡ. ಪೆನ್ನು ಬಿಚ್ಚಿ ಸ್ಪ್ರಿಂಗ್ ಹಾರಿಸಿ ನಿನ್ನ ಕೈಯಲ್ಲಿ ಬೈಸಿಕೊಳ್ಳುವವರು ಇರುತ್ತಾರಲ್ಲ, ಹಿಂದಿನ ಬೆಂಚಿನಲ್ಲಿ. ಅವರನ್ನೂ ನೋಡು. ಹುಡುಗಿಯರಿಗೆ ತಪ್ಪದೆ ಕೊಡು, ಅವರಾಗಿ ಕೇಳಲು ಬರಲಿಕ್ಕಿಲ್ಲ. ನೀನೂ ಬಂದಿರಲಿಲ್ಲ. ಆರನೇ ಕ್ಲಾಸಿನಲ್ಲಿ ನನ್ನ ಟೇಬಲ್ ಕೆಳಗೆ ಕೂತು ರೆಸಿಸ್ಟರ್‌ಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದೆ. ಆಗ ನಾನು ಒಂದು ಪುಟ ಕೊಡಬೇಕಿತ್ತು. "ಏಯ್, ಮುಟ್ಟಬೇಡ" ಅಂದೆ.

ವಾಪಸ್ ಬರಲಿಲ್ಲ ಅಂತ ಮಕ್ಕಳನ್ನು ಗದರಬೇಡ. ಬೆಲೆಬಾಳುವ ಪುಟವಾದರೆ ಮೊದಲೇ ಝೆರಾಕ್ಸ್ ಮಾಡಿಸಿಟ್ಟುಕೋ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಸಂಚಿಕೆ. ತಂದಾಗ "ಓದಿದೆಯಾ" ಅಂತ ಕೇಳದೆ "ಹತ್ತಿತಾ" ಅಂತ ಕೇಳು.

ಎರಡನೇ ಶನಿವಾರ ರಜೆ ಇದ್ದರೆ ಬಾ. ಬಸ್ಸಿನಲ್ಲಿ ಒಂದೂವರೆ ಗಂಟೆ, ಅಷ್ಟೇ ಅಲ್ವಾ. ಹತ್ತು ಸಂಚಿಕೆ ಕೂತು ಆರಿಸೋಣ. ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಕಿಟ್ಟಿದ್ದೇನೆ, ಆದರೂ ಕೆಳಗಿನ ಸಾಲಿಗೆ ಗೆದ್ದಲು ಹತ್ತಿರಬಹುದು, ಹಳೇ ಬಟ್ಟೆ ಹಾಕಿಕೊಂಡು ಬಾ. ಅಟ್ಟ ಹತ್ತುವುದು ನೀನೇ. ನಾನು ಏಣಿ ಹಿಡಿದುಕೊಳ್ಳುತ್ತೇನೆ. ದೊಡ್ಡಮ್ಮ ಮಂಡಕ್ಕಿ ಮೆಣಸಿನಕಾಯಿ ಮಾಡುತ್ತಾಳಂತೆ, ಎಷ್ಟು ಜನ ಬರುತ್ತೀರಿ ಅಂತ ಮೊದಲೇ ತಿಳಿಸಬೇಕಂತೆ.

ನಿನ್ನ ದೊಡ್ಡಪ್ಪ