ಬಂದರಿನ ಅಳತೆ ಹುಬ್ಬಳ್ಳಿಯ ಮೀನುಪೇಟೆಗೂ ಬರಲಿ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ ಸಾದರ ನಮಸ್ಕಾರಗಳು. ಮರಿ ಮೀನಿನ ಮಾರಾಟ ತಡೆಯಲು ಮೀನಿನ ಗಾತ್ರದ ತಪಾಸಣೆ ನಮ್ಮ ಒಳನಾಡಿನ ಮಾರುಕಟ್ಟೆಗೂ ಬರಲಿ ಎಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಬಯಲುಸೀಮೆಯಲ್ಲಿ ಕುಳಿತವರಿಗೆ ಕಡಲಿನ ಉಸಾಬರಿ ಏಕೆ ಎಂಬ ಪ್ರಶ್ನೆ ತಮ್ಮ ಕಚೇರಿಯಲ್ಲಿ ಎದ್ದರೆ ಆಶ್ಚರ್ಯವಿಲ್ಲ. ಆದರೆ ಧಾರವಾಡಕ್ಕೂ ಕಡಲಿಗೂ ಹಳೆಯ ನಂಟಿದೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿರುವುದು ಕಾರವಾರದ ಕೋಡಿಬಾಗದಲ್ಲಿ. ಅದಕ್ಕಿಂತ ಮುಖ್ಯವಾಗಿ, ಕಾರವಾರ, ಅಂಕೋಲಾ ಕಡೆಯ ಮೀನು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ಮಾರ್ಗವಾಗಿ ಬಂದು ಇಳಿಯುವುದು ನಮ್ಮ ಊರಿನಲ್ಲಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಗಿರಾಕಿ ಯಾವ ಗಾತ್ರದ ಮೀನಿಗೆ ಹಣ ಕೊಡುತ್ತಾನೆ ಎಂಬುದು ಬಲೆಯ ಕಣ್ಣಿನ ಅಗಲದ ಮೇಲೂ ಪರಿಣಾಮ ಬೀರುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರೀಕೃತ ದೋಣಿಗಳು ಕಡಲಿಗಿಳಿದ ಮೇಲಿನ ವಾರಗಳಲ್ಲಿ ಇಲ್ಲಿನ ಮೀನಿನ ಪೆಟ್ಟಿಗೆಗಳನ್ನು ಒಮ್ಮೆ ನೋಡಬೇಕು. ಮೇಲಿನ ಸಾಲಿನಲ್ಲಿ ಒಳ್ಳೆಯ ಗಾತ್ರದ ಬಂಗಡೆ ಇರುತ್ತದೆ. ಐಸು ಸರಿಸಿ ಕೆಳಗೆ ಕೈ ಹಾಕಿದರೆ ಬೆರಳುದ್ದದ ಮರಿಗಳು, ಎಷ್ಟೋ ಸಲ ಹೊಟ್ಟೆ ಒಡೆದ ಸ್ಥಿತಿಯಲ್ಲಿ, ಸಿಗುತ್ತವೆ. ಅವು ಅಗ್ಗದ ದರಕ್ಕೆ ಗುಂಪು ಗುಂಪಾಗಿ ಮಾರಾಟವಾಗುತ್ತವೆ. ಕೊಳ್ಳುವವರಿಗೆ ಅದು ಸಣ್ಣ ಮೀನು, ಅಷ್ಟೆ. ಹುಟ್ಟಾ ಸಣ್ಣದಾಗಿಯೇ ಇರುವ ಜಾತಿ ಬೇರೆ, ದೊಡ್ಡದಾಗಬೇಕಿದ್ದ ಮೀನಿನ ಮರಿ ಬೇರೆ ಎಂಬುದನ್ನು ಅವರಿಗೆ ಯಾರೂ ತಿಳಿಸಿಲ್ಲ.

ಈ ವ್ಯತ್ಯಾಸವನ್ನು ಖಚಿತಪಡಿಸುವ ಕೆಲಸವನ್ನೇ ಮೀನು ವಿಜ್ಞಾನಿಗಳು ದಶಕಗಳಿಂದ ಮಾಡುತ್ತ ಬಂದಿದ್ದಾರೆ. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ದೋಣಿಗಳು ಬಂದು ನಿಲ್ಲುವ ತಾಣಗಳಿಗೆ ಹೋಗಿ, ಬಂದ ಮೀನಿನಲ್ಲಿ ಮಾದರಿ ಆಯ್ದು, ಮೂತಿಯಿಂದ ಬಾಲದ ತುದಿಯವರೆಗೆ ಅಳೆದು, ತೂಗಿ, ಹೊಟ್ಟೆ ಸೀಳಿ ತತ್ತಿ ಯಾವ ಹಂತಕ್ಕೆ ಬಂದಿದೆ ಎಂದು ನೋಡಿ ಬರೆದುಕೊಳ್ಳುತ್ತಾರೆ. ಸಾಕಷ್ಟು ಮೀನುಗಳನ್ನು ಹೀಗೆ ನೋಡಿದ ಬಳಿಕ ಒಂದು ಜಾತಿಯ ಅರ್ಧದಷ್ಟು ಮೀನು ಯಾವ ಉದ್ದದಲ್ಲಿ ಪ್ರೌಢವಾಗುತ್ತದೆ ಎಂಬುದು ತಿಳಿಯುತ್ತದೆ. ತಲೆಯೊಳಗಿನ ಪುಟ್ಟ ಕಿವಿಗಲ್ಲನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪದರ ಎಣಿಸಿ ವಯಸ್ಸನ್ನೂ ಅಂದಾಜು ಮಾಡುತ್ತಾರೆ. ಬೇಸರ ಹಿಡಿಸುವ ಕೆಲಸ, ಆದರೆ ಇಂತಿಷ್ಟು ಉದ್ದಕ್ಕಿಂತ ಚಿಕ್ಕ ಮೀನನ್ನು ಹಿಡಿಯಬಾರದು ಎಂಬ ಕನಿಷ್ಠ ಗಾತ್ರದ ನಿಯಮ ನಿಂತಿರುವುದು ಈ ಅಳತೆಗಳ ಮೇಲೆಯೇ. ಕೇರಳ 2015ರಲ್ಲಿ ಇಂಥ ನಿಯಮ ತಂದಾಗ ತಾರ್ಲೆಗೆ, ಅಂದರೆ ಬೂತಾಯಿಗೆ, 10 ಸೆಂಟಿಮೀಟರ್, ಬಂಗಡೆಗೆ 14 ಸೆಂಟಿಮೀಟರ್ ಎಂದು ಗೊತ್ತುಮಾಡಿತು. ಈ ಎರಡು ಮೀನುಗಳೂ ತತ್ತಿಗೆ ಬರುವುದು ಇದಕ್ಕಿಂತ ಹೆಚ್ಚು ಬೆಳೆದ ಮೇಲೆ. ಹಾಗಾಗಿ ಅದು ಮೀನುಗಾರರ ಹೊಟ್ಟೆಪಾಡನ್ನೂ ಗಮನಿಸಿದ ಸಡಿಲ ಅಳತೆಯೇ ಹೊರತು ಕಠೋರವಾದುದಲ್ಲ.

ಮರಿ ಹಿಡಿಯುವುದನ್ನು ನಿಲ್ಲಿಸಿದೊಡನೆ ಕಡಲು ತುಂಬಿಬಿಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಈ ಕುಸಿತದ ಹಿಂದೆ ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯಾಗುವ ಎಲ್ ನಿನೊದಂಥ ಹವಾಮಾನದ ಏರುಪೇರಿನ ದೊಡ್ಡ ಪಾಲಿದೆ ಎಂಬುದನ್ನು ವಿಜ್ಞಾನಿಗಳೇ ತೋರಿಸಿಕೊಟ್ಟಿದ್ದಾರೆ. ಕಡಲ ನೀರಿನ ಬಿಸಿ ಸರ್ಕಾರದ ಕೈಯಲ್ಲಿಲ್ಲ. ಆದರೆ ಇಳುವರಿ ಮೊದಲೇ ಕುಸಿದಿರುವಾಗ ಮರಿಯನ್ನೂ ಬಾಚಿ ತೆಗೆದರೆ ಮರುವರ್ಷ ತತ್ತಿ ಇಡಲು ಉಳಿಯುವ ಮೀನೇ ಕಡಿಮೆಯಾಗುತ್ತದೆ, ಮತ್ತು ಇದನ್ನು ತಡೆಯುವ ಅಧಿಕಾರ ತಮ್ಮ ಇಲಾಖೆಗಿದೆ.

ಕನಿಷ್ಠ ಗಾತ್ರದ ತಪಾಸಣೆ ಜೆಟ್ಟಿಯಲ್ಲೇ ಮುಗಿಯುವ ಬದಲು ಒಳನಾಡಿನ ಸಗಟು ಮಾರುಕಟ್ಟೆಯವರೆಗೂ ಬರಬೇಕೆಂಬುದು ನನ್ನ ಬೇಡಿಕೆ. ಘಟ್ಟದ ಮೇಲೆ ಕೇಳುವವರಿಲ್ಲ ಎಂದು ಗೊತ್ತಾದರೆ ಮರಿ ಮೀನು ಘಟ್ಟದ ಮೇಲಕ್ಕೇ ಬರುತ್ತದೆ. ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಮೇಲೆ ದಂಡ ಹಾಕುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಅವರು ದಲ್ಲಾಳಿ ಕೊಟ್ಟದ್ದನ್ನು ಮಾರುತ್ತಾರೆ, ಬೇರೆ ಆಯ್ಕೆ ಅವರಿಗಿಲ್ಲ. ಲಾರಿಯಿಂದ ಮಾಲು ಇಳಿಸಿಕೊಳ್ಳುವ ಸಗಟು ವ್ಯಾಪಾರಿಯ ಹಂತದಲ್ಲಿ ಪೆಟ್ಟಿಗೆಯ ತಳದ ಮೀನನ್ನು ಅಳೆದರೆ ಸಾಕು. ಮಾರುಕಟ್ಟೆಯ ಬಾಗಿಲಿನಲ್ಲಿ ಕನಿಷ್ಠ ಗಾತ್ರದ ಬಂಗಡೆ, ತಾರ್ಲೆಯ ಚಿತ್ರವನ್ನು ನಿಜ ಅಳತೆಯಲ್ಲಿ ಬರೆಸಿದ ಫಲಕವೊಂದನ್ನು ಹಾಕಿಸಿದರೆ ಗಿರಾಕಿಗಳೂ ತಾವಾಗಿ ಹೋಲಿಸಿ ನೋಡಿಕೊಳ್ಳುತ್ತಾರೆ. ಇದಕ್ಕೆ ತಗಲುವ ಖರ್ಚು ತಮ್ಮ ಇಲಾಖೆಗೆ ಲೆಕ್ಕಕ್ಕೆ ಬರುವಂಥದ್ದಲ್ಲ.

ಅಳತೆ ಮಾಡಲು ಸಿಬ್ಬಂದಿ ಇಲ್ಲವೆಂಬ ಉತ್ತರ ಬರಬಹುದು. ಧಾರವಾಡ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ವಿದ್ಯಾರ್ಥಿಗಳಿದ್ದಾರೆ. ಕಾರವಾರದ ವಿಜ್ಞಾನಿಗಳು ಒಂದು ದಿನ ಬಂದು ಕ್ರಮ ಹೇಳಿಕೊಟ್ಟರೆ, ವಾರಕ್ಕೊಮ್ಮೆ ಬೆಳಗಿನ ಹೊತ್ತು ಉದ್ದ, ತೂಕ ದಾಖಲಿಸಿ ಕಳುಹಿಸುವ ಕೆಲಸ ಅವರಿಂದ ಆಗುತ್ತದೆ. ಅವರ ದಾಖಲೆಯ ಆಧಾರದಲ್ಲಿ ಯಾರಿಗೂ ದಂಡ ಹಾಕುವುದು ಬೇಡ. ಯಾವ ತಿಂಗಳಲ್ಲಿ ಎಷ್ಟು ಮರಿ ಘಟ್ಟ ಹತ್ತುತ್ತಿದೆ ಎಂಬ ಲೆಕ್ಕ ಸಿಕ್ಕರೆ ಮುಂದಿನ ಕ್ರಮವನ್ನು ಇಲಾಖೆಯೇ ನಿರ್ಧರಿಸಬಹುದು.

ಮುಂದಿನ ಆಗಸ್ಟ್ 1ರಂದು ದೋಣಿಗಳು ಹೊರಡುವ ಮೊದಲೇ ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಲು ಆದೇಶಿಸಬೇಕೆಂದೂ, ಮಾರುಕಟ್ಟೆಯ ಜಾಗದ ವಿಷಯವಾಗಿ ಮಹಾನಗರ ಪಾಲಿಕೆಯೊಡನೆ ತಮ್ಮ ಅಧಿಕಾರಿಗಳು ಮಾತನಾಡಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಧಾರವಾಡ