‘ಅವರೇ ಹೇಳಿದ್ದಾರೆ’ ಅಂದರೆ ಸಾಕಾ?

ಪ್ರೀತಿಯ ದೋಸ್ತ ಮಲ್ಲೂ,

ನಿನ್ನ ಹೊಲದ ಒತ್ತುವರಿ ಕೇಸಿನಲ್ಲಿ ಬಂದ ತೀರ್ಪಿನ ನಕಲು ಕಳಿಸಿದ್ದೀಯಲ್ಲ, ಓದಿದೆ. ಸರ್ವೇಯರ್ ವರದಿ ಬಗ್ಗೆ ಕೋರ್ಟು ಬರೆದ ಮಾತಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದಿದ್ದೀಯಲ್ಲ, ‘ಇಪ್ಸೆ ಡಿಕ್ಸಿಟ್’ ಅಂತ, ಅದು ಬೈಗುಳ ಅಲ್ಲಪ್ಪಾ. ಸರ್ವೇಯರ್ ರೊಕ್ಕ ತಿಂದ ಅಂತಲೂ ಅರ್ಥ ಅಲ್ಲ. ಲ್ಯಾಟಿನ್ ಮಾತು ಅದು. ‘ಅವರೇ ಹೇಳಿದ್ದಾರೆ’, ಅಷ್ಟೇ. ಇಂಗ್ಲಿಷಿನವರು ಹಾಗ್ಹಾಗೇ ಎತ್ತಿಕೊಂಡರು. ವಕೀಲರಂತೂ ಬಿಡಲೇ ಇಲ್ಲ.

‘ಅವರು’ ಅಂದರೆ ಯಾರು ಗೊತ್ತಾ? ಶಾಲೆಯಲ್ಲಿ ಲಂಬಕೋನ ತ್ರಿಭುಜ ಹಿಡಿದು ನಮ್ಮ ಜೀವ ತಿಂದ ಪೈಥಾಗೊರಸ್! ಕ್ರಿ.ಪೂ. 6ನೇ ಶತಮಾನದವನು. ದಕ್ಷಿಣ ಇಟಲಿಯ ಕ್ರೋಟನ್ ಊರಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಇದ್ದ. ‘ಇದು ಹೀಗ್ಯಾಕೆ?’ ಅಂತ ಯಾರಾದರೂ ಕೇಳಿದರೆ ಆ ಶಿಷ್ಯರು ‘ಅವರೇ ಹೇಳಿದ್ದಾರೆ’ ಅಂತ ಬಾಯಿ ಮುಚ್ಚಿಸುತ್ತಿದ್ದರಂತೆ. ಗುರುವಿನ ಹೆಸರೂ ಎತ್ತುತ್ತಿರಲಿಲ್ಲ, ನಮ್ಮವ್ವ ಅಪ್ಪನನ್ನು ‘ಅವರು’ ಅಂತಿದ್ದ ಹಾಗೆ. ಇದನ್ನು ಬರೆದಿಟ್ಟವನು ರೋಮಿನ ಸಿಸೆರೊ, ಕ್ರಿ.ಪೂ. 45ರಲ್ಲಿ. ಕಾರಣ ಕೊಡದೆ ಬರೀ ಗುರುವಿನ ಹೆಸರಿನ ಮೇಲೆ ಮಾತು ನಡೆಯುವುದು ಅವನಿಗೆ ಸರಿ ಬರಲಿಲ್ಲ. ಅವನೂ ವಕೀಲನೇ, ನೋಡು! ಆಮೇಲೆ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್ ಈ ಚಟಕ್ಕೆ ‘ಇಪ್ಸೆಡಿಕ್ಸಿಟಿಸಂ’ ಅಂತ ಹೆಸರಿಟ್ಟ. ಅದನ್ನು ನೀನು ಹೇಳಲಿಕ್ಕೆ ಹೋಗಬೇಡ, ಹಲ್ಲು ಉದುರೀತು.

ಈಗ ನಿನ್ನ ಹೊಲದ ಮೋಜಣಿ, ಅಂದರೆ ಸರ್ವೆ, ವರದಿಗೆ ಬರೋಣ. ‘3 ಗುಂಟೆ ಒತ್ತುವರಿಯಾಗಿದೆ’ ಅಂತ ಒಂದೇ ಸಾಲು. ಗಡಿ ತೋರಿಸೋ ಯಾವ ಬಾಂದದ ಕಲ್ಲಿನಿಂದ ಅಳತೆ ಶುರುವಾಯಿತು? ಹಿಂದೆ ಸರ್ವೆ ಮಾಡಿದಾಗ ಅಳತೆ ಬರೆದಿಟ್ಟ ಹಳೇ ಟಿಪ್ಪಣಿ ಜೊತೆ ತಾಳೆ ನೋಡಿದರಾ? ನಕ್ಷೆ ಎಲ್ಲಿ? ಒಂದೂ ಇಲ್ಲ. ಪಕ್ಕದವನು ಒತ್ತಿದ್ದು ಖರೇನೇ ಇರಬಹುದು, ಕೋರ್ಟು ಅದನ್ನು ಸುಳ್ಳು ಅಂದಿಲ್ಲ. ಅಳೆದವರು ಅಂದರು ಅನ್ನೋದೊಂದೇ ಸಾಲದು ಅಂದಿದೆ. 1999ರಲ್ಲಿ ಹಿಮಾಚಲದ ಸೇಬಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತ್ತು. ಪರಿಣತರು ಅಭಿಪ್ರಾಯ ಕೊಟ್ಟರೆ ಆಗಲಿಲ್ಲ, ಅದು ಸರಿಯೋ ತಪ್ಪೋ ಅಂತ ಜಡ್ಜು ತೂಗಿ ನೋಡುವುದಕ್ಕೆ ಬೇಕಾದ ಆಧಾರವನ್ನೂ ಮುಂದಿಡಬೇಕು.

ಅದಕ್ಕೇ ಸರ್ವೇಯರ್ ಮೇಲೆ ಹರಿಹಾಯಬೇಡ. ಹಾಗೆ ನೋಡಿದರೆ ‘ಬೇವಿನ ಗಿಡದ ತನಕ ನಮ್ಮದು ಅಂತ ನಮ್ಮಜ್ಜ ಹೇಳಿದ್ದ’ ಅಂತ ನೀನು ಪಂಚರ ಮುಂದೆ ಕೂಗಾಡಿದ್ದೂ ಅದೇ ಜಾತಿಯ ಮಾತು ಅಲ್ವಾ?

ಜಮಖಂಡಿಗೆ ಹೋದಾಗ ಟಿಪ್ಪಣಿ ನಕಲಿಗೆ ಅರ್ಜಿ ಹಾಕಿ ಬಾ. ಮತ್ತೊಂದು, ಮರುಅಳತೆಯನ್ನು ಕಬ್ಬು ಕಡಿದ ಮೇಲೆ ಇಟ್ಟುಕೊಳ್ಳಿ ಅಂತ ವಕೀಲರಿಗೆ ಹೇಳು. ಆಳೆತ್ತರ ನಿಂತ ಕಬ್ಬಿನೊಳಗೆ ಬಾಂದದ ಕಲ್ಲು ಯಾರಿಗೆ ಸಿಗುತ್ತೆ?

ನಿನ್ನ ಗೆಳೆಯ,
ಈರಣ್ಣ
ವಿಜಯಪುರ