ಒಣಕಸದ ಚೀಲದಲ್ಲಿ ಕುಕ್ಕರ್ ಹಿಡಿ ಬೇಡ

ಮಾನ್ಯ ಸಂಪಾದಕರೇ,

ಒಣಕಸ ಬೇರ್ಪಡಿಸಿ ಎಂದು ಮನೆಮನೆಗೆ ಹಂಚುವ ಕರಪತ್ರಗಳಲ್ಲಿ ಕಾಗದ, ಗಾಜು, ಲೋಹದ ಸಾಲಿನಲ್ಲಿ ‘ಪ್ಲಾಸ್ಟಿಕ್’ ಎಂಬ ಒಂದೇ ಪದ ಇರುತ್ತದೆ. ಹಾಲಿನ ಕವರ್, ನೀರಿನ ಬಾಟಲಿ, ಮುರಿದ ಕುಕ್ಕರ್ ಹಿಡಿ, ಸೀಳಿದ ಮೆಲಮೈನ್ ತಟ್ಟೆ, ಹರಿದ ಫ್ಲೆಕ್ಸ್ ಎಲ್ಲವೂ ಆ ಪದದ ನೆರಳಲ್ಲಿ ಒಂದೇ ಚೀಲ ಸೇರುತ್ತವೆ. ಇವುಗಳ ಒಳಗಿನ ರಾಸಾಯನಿಕ ಬಂಧಗಳು ಬೇರೆಬೇರೆ. ಕಾಯಿಸಿದರೆ ಕೆಲವು ಕರಗುತ್ತವೆ, ಕೆಲವು ಕರಗುವುದೇ ಇಲ್ಲ. ಫ್ಲೆಕ್ಸ್‌ನಲ್ಲಿರುವ ಪಿವಿಸಿ ಎಂಬ ಪ್ಲಾಸ್ಟಿಕ್ ಅಂತೂ ಪಕ್ಕದ್ದನ್ನೂ ಕೆಡಿಸುತ್ತದೆ.

ಹಾಲಿನ ಕವರ್ ಪಾಲಿಥೀನ್. ಅದರ ಉದ್ದನೆಯ ಸರಪಳಿಯಲ್ಲಿ ಇಂಗಾಲಗಳನ್ನು ಹಿಡಿದಿರುವುದು ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಬೆಸೆದ ಗಟ್ಟಿ ಬಂಧ. ಕಡಿಯಲು ಬಹಳ ಶಕ್ತಿ ಬೇಕು, ಮೋಲ್‌ಗೆ ಸುಮಾರು 350 ಕಿಲೋಜೂಲ್. ಸರಪಳಿ ಸರಪಳಿಗಳ ನಡುವೆ ಇರುವುದು ಮಾತ್ರ ದುರ್ಬಲವಾದ ವ್ಯಾನ್ ಡರ್ ವಾಲ್ಸ್ ಸೆಳೆತ. 110–120 ಡಿಗ್ರಿ ಸೆಲ್ಸಿಯಸ್‌ಗೆ ಆ ಸೆಳೆತ ಸೋತು ಸರಪಳಿಗಳು ಜಾರತೊಡಗುತ್ತವೆ, ತಣಿದಾಗ ಮತ್ತೆ ಗಟ್ಟಿಯಾಗುತ್ತವೆ. ಮರುಬಳಕೆ ನಿಂತಿರುವುದೇ ಇದರ ಮೇಲೆ.

ಕುಕ್ಕರ್ ಹಿಡಿ, ಹಳೆಯ ಕಂದು ಬಲ್ಬ್ ಹೋಲ್ಡರ್ ಬೇಕಲೈಟ್. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಅಚ್ಚಿನಲ್ಲಿ ಕಾದಾಗ ಸರಪಳಿಗಳ ನಡುವೆಯೂ ಸಹವೇಲೆನ್ಸೀಯ ಬಂಧ ಬೆಸೆದು ಇಡೀ ಹಿಡಿಯೇ ಒಂದು ಬಲೆಯಾಗುತ್ತದೆ. ಜಾರಲು ಬಿಡಿ ಸರಪಳಿಯೇ ಉಳಿದಿರುವುದಿಲ್ಲ. ಒಲೆಯ ಪಕ್ಕ ಅದು ತಾಳುವುದು ಇದರಿಂದ, ಮರುಬಳಕೆಗೆ ಒಗ್ಗದಿರುವುದೂ ಇದರಿಂದಲೇ. ಇನ್ನೂ ಕಾಯಿಸಿದರೆ ಕರಗದೆ ಕರಿಕಟ್ಟುತ್ತದೆ. ಮೆಲಮೈನ್ ತಟ್ಟೆಯದೂ ಇದೇ ಕಥೆ. ಟೈರಿನ ರಬ್ಬರಿನಲ್ಲಿ ಸರಪಳಿಗಳ ನಡುವೆ ಇಂಥ ಅಡ್ಡಕೊಂಡಿ ಹಾಕುವುದು ಗಂಧಕ: ನೂರು ಪಾಲು ರಬ್ಬರಿಗೆ ಒಂದೆರಡು ಪಾಲು ಸೇರಿದರೆ ಪುಟಿಯುವ ರಬ್ಬರ್, ಮೂವತ್ತು ಪಾಲು ದಾಟಿದರೆ ಕಲ್ಲಿನಂಥ ಎಬೊನೈಟ್.

ನಿಜವಾದ ಕಂಟಕ ಪಿವಿಸಿ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಾದ ಪೆಟ್ ಸುಮಾರು 250 ಡಿಗ್ರಿಗೆ ಕರಗುತ್ತದೆ, ಯಂತ್ರದಲ್ಲಿ ಅದಕ್ಕಿಂತ ಹೆಚ್ಚೇ ಕಾಯುತ್ತದೆ. ಆ ಬಿಸಿಯಲ್ಲಿ ಪಿವಿಸಿ ತಡೆಯದು. ಕ್ಲೋರಿನ್ ಕಳಚಿ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಈ ಆಮ್ಲ ಪೆಟ್‌ನ ಸರಪಳಿಯಲ್ಲಿ ಕೊಂಡಿಗಳಂತಿರುವ ಎಸ್ಟರ್ ಬಂಧಗಳನ್ನು ಕಡಿದು ಸರಪಳಿಯನ್ನು ಮೊಟಕು ಮಾಡುತ್ತದೆ. ಮಾಲು ಹಳದಿಗಟ್ಟುತ್ತದೆ, ಅದರಿಂದ ನೂಲೆಳೆದರೆ ಪಟ್ಟೆಂದು ಹರಿಯುತ್ತದೆ. ಲಕ್ಷ ಚೂರಿಗೆ ಹತ್ತಿಪ್ಪತ್ತು ಪಿವಿಸಿ ಚೂರು ಬೆರೆತರೂ ತೊಂದರೆಯೇ. ತೇವವೂ ಇದೇ ಎಸ್ಟರ್ ಬಂಧದ ಶತ್ರು. ಹಾಗಾಗಿ ಪೆಟ್ ಚೂರನ್ನು 160 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಒಣಗಿಸಿ, ತೇವಾಂಶವನ್ನು ಶೇ 0.005ಕ್ಕಿಂತ ಕೆಳಗಿಳಿಸಿದ ಮೇಲೆಯೇ ಕರಗಿಸಬೇಕು. ಅವಸರ ಮಾಡಿದವರ ಮಾಲಿನ ಗುಣ ಅಲ್ಲೇ ಇಳಿಯುತ್ತದೆ.

ಒಣಕಸ ಕೇಂದ್ರದಲ್ಲಿ ಯಂತ್ರವಿಲ್ಲದೆಯೂ ಒಂದಿಷ್ಟು ಬೇರ್ಪಡಿಸಬಹುದು. ಎರಡು ಸೆಂಟಿಮೀಟರ್ ಚೂರನ್ನು, ಒಂದು ತೊಟ್ಟು ಸೋಪಿನ ದ್ರಾವಣ ಬೆರೆಸಿದ ನೀರಿನಲ್ಲಿ ಅದುಮಿ ಬಿಡಿ. ಸೋಪು ಹಾಕದಿದ್ದರೆ ಗಾಳಿಗುಳ್ಳೆ ಅಂಟಿ ಮುಳುಗಬೇಕಾದ್ದೂ ತೇಲೀತು. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪೆಟ್, ಪಿವಿಸಿ, ಬೇಕಲೈಟ್ ಮುಳುಗುತ್ತವೆ. ಸುಣ್ಣಕಲ್ಲಿನ ಪುಡಿ ಬೆರೆಸಿದ ಅಗ್ಗದ ಕುರ್ಚಿ ಪಾಲಿಪ್ರೊಪಿಲೀನ್ ಆಗಿದ್ದೂ ಮುಳುಗಬಹುದು, ಎಚ್ಚರ. ಮುಳುಗಿದ್ದಕ್ಕೆ ಬಯಲಿನಲ್ಲಿ ಕಾದ ಸೂಜಿ ಚುಚ್ಚಿ: ಇಳಿದರೆ ಕರಗುವ ಜಾತಿ, ಇಳಿಯದಿದ್ದರೆ ಬಲೆಯ ಜಾತಿ. ಒಂದೇ ಗಾತ್ರದ ಪೆಟ್‌ಗೂ ಪಿವಿಸಿಗೂ ತೂಕ ಹತ್ತಿರ ಹತ್ತಿರ ಇರುವುದರಿಂದ ನೀರು ಅವನ್ನು ಬೇರ್ಪಡಿಸದು. ಬಾಟಲಿಯ ತಳ ನೋಡಿ: ಪೆಟ್‌ಗೆ ನಡುವೆ ದುಂಡನೆಯ ಚುಕ್ಕೆ, ಪಿವಿಸಿಗೆ ಅಡ್ಡ ಗೆರೆ. ಬಾಟಲಿಗೆ ಬಿಗಿಯಾಗಿ ಸುತ್ತಿದ ಲೇಬಲನ್ನಂತೂ ಹರಿದು ತೆಗೆಯಿರಿ, ಅದು ಪಿವಿಸಿ ಇರಬಹುದು.

ಮುಂದಿನ ಕರಪತ್ರದಲ್ಲಿ ‘ಪ್ಲಾಸ್ಟಿಕ್’ ಎಂಬಲ್ಲಿ ಒಂದು ಸಾಲು ಹೆಚ್ಚು ಅಚ್ಚು ಮಾಡಲಿ: ಕುಕ್ಕರ್ ಹಿಡಿ, ಮೆಲಮೈನ್ ತಟ್ಟೆ, ಫ್ಲೆಕ್ಸ್, ರೆಕ್ಸಿನ್, ಪಿವಿಸಿ ಪೈಪಿನ ತುಂಡು ಬೇರೆ ಚೀಲಕ್ಕೆ.

– ಪಾಲಿಮರ್ ತಂತ್ರಜ್ಞ, ಮೈಸೂರು